ಮೂರನೆಯ ರಟ್ಟು

ಈ ಪುಸ್ತಕಕ್ಕ ನಾ ಎರಡು ಸಲ ರಟ್ಟು ಕಟ್ಟೇನಿ,
ಒಮ್ಮೆ ಅಪ್ಪನ ಕೈಕೆಳಗ, ಒಮ್ಮೆ ಅವ ಹೋದಮ್ಯಾಲೆ.
ಒಳಗೇನೈತಿ ಕೇಳಬ್ಯಾಡ್ರಿ. ನನಗ ಬೆನ್ನು ಗೊತ್ತು:
ಮೂವತ್ತೆಂಟು ಮಡಿಕಿ, ಆರುನೂರಾ ಎಂಟು ಪುಟ,
ಮೇಣ ತಿಕ್ಕಿದ ದಾರ, ಮೈದಾದ ಅಂಟಿಗೆ
ಹುಳ ತಿನಬಾರದಂತ ಚಿಟಿಕಿ ಮೈಲುತುತ್ತ.

ಇವತ್ತ ಐತವಾರ. ಗುಳೇದಗುಡ್ಡದ ವಾಚನಾಲಯದಾಗ
ಪಂಖಾ ತಿರಗತೈತಿ, ಗಾಳಿ ಬರವಲ್ದು.
ಮತ್ತೊಂದು ರಟ್ಟೋ, ರದ್ದಿಯವನ ತಕ್ಕಡಿಯೋ,
ನೂರಾ ಎಂಬತ್ತು ರೂಪಾಯಿ ಪ್ರಶ್ನೆ.

ಕಮಕೇರಿ ಮಾಸ್ತರು ಕನ್ನಡಕ ಒರಸಿದ್ರು,
ಅಂದ್ರ ಕುಸ್ತಿಯವ ಅಂಗಿ ಕಳದಂಗ.
"ನಡೀತಾರ. ಉಣ್ತಾರ. ಮಲಗತಾರ. ಮತ್ತ ನಡೀತಾರ.
ಗುಡ್ಡಕ್ಕ ಮೂರು ಹೆಸರು, ಗುಡ್ಡದ ಅಪ್ಪಗ ಐದು.
ಕುದರಿಗೆ ವಂಶಾವಳಿ ಐತಿ, ಹೆಣ್ಣಮಗಳಿಗೆ ಹೆಸರಿಲ್ಲ,
ಗವಿಯಾಗ ಕುಂತು ನೇಯತಾಳಂತ, ಅಷ್ಟ.
ಕತ್ತಲೆಲ್ಲಾ ಕೆಟ್ಟದ್ದು, ಬೆಳಕೆಲ್ಲಾ ಚೊಲೋದು.
ಇದು ತಿಳಿಯಾಕ ಆರುನೂರು ಪುಟ ಬೇಕೇನು?
ನಮ್ಮ ಓಣಿ ಕರೆಂಟ್ ಹೋದ್ರ ಸಾಕು."

ನಾಗೂಸಾ ಎದ್ದ. ಕುಣಿಮಗ್ಗದಾಗ ನಲವತ್ತು ವರ್ಷ
ಕಾಲು ಇಳಿಬಿಟ್ಟವ, ನೆಲದಮ್ಯಾಲೆ ನಿಂತ್ರೂ
ಅರ್ಧ ಒಳಗ ಇದ್ದಂಗ ಕಾಣ್ತಾನ.
"ಬರದವಗ ಮಗ್ಗ ಗೊತ್ತಿಲ್ರೀ.
ಹಾಸಿಗೆ ಹೊಕ್ಕು ಅಂತಾನ, ಹೊಕ್ಕಿಗೆ ಹಾಸು.
ಒಂದ ರಾತ್ರಿಗೆ ಏಳು ಮೊಳ ಇಳಿಸಿದ್ಳಂತ,
ಒಂದ ಸಾಲಿನಾಗೂ ಮಗ್ಗದ ಸಪ್ಪಳಿಲ್ಲ!
ಆದ್ರ..."
ಲಾಳಿ ನಡುವ ಸಿಕ್ಕಂಗ ನಿಂತ.
"ಆ ಅರಿವಿ ಹೊದ್ದವರಿಗೆ ನೇದಾಕಿ ಮಾರಿ
ಮರತ ಹೋಗತೈತಿ ಅಂತ ಬರದಾನಲ್ಲ,
ಅದನ್ನ ಅವಗ ಯಾರ ಹೇಳಿದ್ರು?"

ನಸೀಮ ರಾತ್ರಿಪಾಳಿ ಮುಗಿಸಿ ಬಂದಾಕಿ,
ದವಾಖಾನಿ ವಾಸನಿ ಇನ್ನೂ ಕೈಯಾಗ.
"ಎಂಟನೇತ್ತೆಯಾಗ ಕಾಮಾಲಿ ಆಗಿ ಮಲಗಿದ್ದೆ,
ಆವಾಗ ಓದೇನಿ. ಸತ್ತ ಕುದರಿ ಹೊಳಿ ದಾಟಿ
ತಿರುಗಿ ಬರತೈತಿ. ಅದರ ಕಣ್ಣಾಗ ನೀರಿರೂದಿಲ್ಲ,
ಇಡೀ ಹೊಳಿ ಇರತೈತಿ.
ಅಷ್ಟರ ಸಲುವಾಗಿ ನೂರಾ ಎಂಬತ್ತು ನಾ ಕೊಡತೀನಿ."

"ಯಾವ ಕುದರಿ?" ಅಂದ್ರು ಮಾಸ್ತರು.
"ಕುದರಿ ಸಾಯೂದ ಇಲ್ಲಲ್ಲವ್ವ," ಅಂದ ನಾಗೂಸಾ.

ಹುಡುಕಿದ್ರು. ಚುರಮರಿ ಬಂತು, ಖಾಲಿ ಆತು.
ಹಿಂದಿಂದ ಮುಂದ, ಮುಂದಿಂದ ಹಿಂದ.
"ಪುಟ ಕಳದಾವ," ಅಂದು ನಸೀಮ ನನ್ನ ಕಡೆ ನೋಡಿದ್ಳು,
"ನೀವ ಹೇಳ್ರಿ, ಕಾಕಾ."

ಎಣಿಸಿದೆ. ಮೂವತ್ತೆಂಟು.
ಪುಸ್ತಕದ ಅಂಚು ಚಾಡಿ ಹೇಳತೈತಿ, ಓದಬೇಕಂತಿಲ್ಲ:
ತೊಂಬತ್ತನೇ ಪುಟದ ತನಕ ಕೆಳಗಿನ ಮೂಲಿ ಕರ್ರಗ,
ಐವತ್ತು ವರ್ಷದ ಹೆಬ್ಬೆಟ್ಟಿನ ಬೆವರು.
ಅಲ್ಲಿಂದ ಮುಂದ ಬಿಳೇದು, ನಿನ್ನೆ ಅಚ್ಚಾದಂಗ.
ಎಂಬತ್ತೆಂಟರಾಗ ಮಾಸ್ತರ ನಶ್ಯದ ಪುಡಿ,
ಆಮ್ಯಾಲೆ ಎಲ್ಲೂ ಇಲ್ಲ. ನಾ ಅದನ್ನ ಹೇಳಲಿಲ್ಲ.

ನಾಕನೂರಾ ಹನ್ನೆರಡು, ಹದಿಮೂರು ಅಂಟಿಕೊಂಡಿದ್ದವು.
ಕಬ್ಬಿನ ಹಾಲು ಚೆಲ್ಲಿದ ಕಲೆ, ಕಾಮಾಲಿಗೆ ಕುಡಸ್ತಾರಲ್ಲ.
ಚಾಕು ತುದಿಲೆ ಬಿಡಿಸಿದೆ, ಮೆಲ್ಲಕ.
ಒಳಗ ಒಂದು ಹೊಳಿ. ದಂಡಿಮ್ಯಾಲೆ ಕುಂತ ಹುಡುಗ.
ಆಚಿ ದಂಡಿ ನೋಡತಾನ. ಅಧ್ಯಾಯ ಮುಗೀತೈತಿ.
ಕುದರಿ ಇಲ್ಲ.

"ಮಡಿಕಿ ಎಲ್ಲಾ ಅದಾವ, ತಂಗಿ," ಅಂದೆ.

ಆಕಿ ಆ ಪುಟ ಮೂಸಿ ನೋಡಿದ್ಳು. ಮಾತಾಡಲಿಲ್ಲ.
ಮಾಸ್ತರು ಮೇಜು ಬಡದ್ರು: "ನೋಡ್ರಿ ಮತ್ತ!
ಜಡ್ಡಿನಾಗಿನ ಹುಡುಗಿಗೆ ಹೊಳದದ್ದು
ಆ ಮಾರಾಯಗ ಹೊಳೀಲಿಲ್ಲ. ರದ್ದಿಗೆ ಹಾಕ್ರಿ."
"ಅವ ಹೊಳಿ ಹರಸದಿದ್ರ," ನಾಗೂಸಾ ಧ್ವನಿ ಏರಿಸಿದ,
"ಈಕಿ ಕುದರಿ ಎಲ್ಲಿ ದಾಟತಿತ್ರೀ?"
"ಹೊಳಿ ಘಟಪ್ರಭಾದಾಗೂ ಐತಿ!"
"ಅಲ್ಲಿ ಕುಂತು ನೀವೆಷ್ಟು ಕುದರಿ ಕಂಡೀರಿ?"

ಮತ್ತ ಮೊದಲಿಂದ.
ರೊಕ್ಕದ ಮಾತು ಮುಗದಿಲ್ಲ. ನಾ ದಾರ ತಗದು
ಮೇಣ ತಿಕ್ಕಾಕ ಸುರು ಮಾಡೇನಿ.
ಈ ಸಲ ತೊಂಬತ್ತು ದಾಟಬೇಕಂತ ಮನಸೈತಿ.
ಹ್ವಾದ ಸಲಾನೂ ಹಿಂಗ ಅಂದಿದ್ದೆ.